ಮೂಗಿನ ಮೇಲಿನ ಗಂಟು, ಮನೆತನದ ಸುದ್ದಿ

ಮೂಗಿನ ಮೇಲಿದ್ದ ಹಳದಿ ಛಾಯೆಯ ಸಣ್ಣ ಗಂಟೊಂದನ್ನು ಚರ್ಮದ ಡಾಕ್ಟರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ವರದಿಯಲ್ಲಿ ‘ಸೆಬೇಷಿಯಸ್ ಅಡಿನೋಮ’ ಎಂದಿದೆ. ಸದ್ಯ ಕ್ಯಾನ್ಸರ್ ಅಲ್ಲವಲ್ಲ ಎಂದು ನೀವು ಫೈಲು ಮುಚ್ಚಿಡುತ್ತೀರಿ. ದಯವಿಟ್ಟು ಮುಚ್ಚಬೇಡಿ.

ಚರ್ಮದ ಎಣ್ಣೆ ಗ್ರಂಥಿಗಳು ವಯಸ್ಸಾದಂತೆ ಉಬ್ಬಿಕೊಳ್ಳುವುದು ತೀರ ಸಾಮಾನ್ಯ. ಅದು ‘ಹೈಪರ್‌ಪ್ಲೇಸಿಯ’, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಅದೇ ಗ್ರಂಥಿಯ ಅಡಿನೋಮ, ಕಾರ್ಸಿನೋಮಗಳು ಅಪರೂಪ. ಕೆಲವರಲ್ಲಿ ಅವು ಮ್ಯೂರ್-ಟೋರೆ ಸಿಂಡ್ರೋಮ್‌ನ ಸುಳಿವು. ಇದು ಲಿಂಚ್ ಸಿಂಡ್ರೋಮ್‌ನದೇ ಒಂದು ರೂಪ. ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ಜೀನ್‌ಗಳಲ್ಲಿ ಒಂದು, ಹೆಚ್ಚಾಗಿ ಎಂಎಸ್‌ಎಚ್2, ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅಂಥವರಿಗೆ ದೊಡ್ಡ ಕರುಳು, ಗರ್ಭಕೋಶದ ಕ್ಯಾನ್ಸರ್‌ನ ಅಪಾಯ ಹೆಚ್ಚು.

ತೆಗೆದ ಗಂಟಿನ ತುಣುಕಿಗೇ ಬಣ್ಣ ಹಾಕಿ, ಈ ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳು ಇವೆಯೇ ಎಂದು ನೋಡಬಹುದು. ಒಂದು ಕಾಣೆಯಾಗಿದ್ದರೆ ಅನುಮಾನ ಅಷ್ಟೇ, ತೀರ್ಪಲ್ಲ. ಖಚಿತಪಡಿಸುವುದು ರಕ್ತದ ಜೀನ್ ಪರೀಕ್ಷೆ.

ಆಗ ಡಾಕ್ಟರು ‘ಫ್ಯಾಮಿಲಿ ಹಿಸ್ಟರಿ’ ಕೇಳುತ್ತಾರೆ. ಅದು ಇರುವುದು ಊರಲ್ಲಿ, ಕನ್ನಡದಲ್ಲಿ. ನಮ್ಮ ಮನೆಗಳಲ್ಲಿ ಆ ಕಾಯಿಲೆಯ ಹೆಸರೆತ್ತುವವರು ಕಡಿಮೆ. “ಹೊಟ್ಟೇಲಿ ಗಡ್ಡೆ ಆಗಿತ್ತಂತೆ”, “ಗರ್ಭಕೋಶ ತೆಗೆಸಿದ್ರು”, ಅಲ್ಲಿಗೆ ಮಾತು ಮುಗಿಯಿತು. “ಅಮ್ಮ, ನಮ್ಮಲ್ಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?” ಎಂದರೆ “ಬಿಡ್ತು ಅನ್ನು!” ಎನ್ನುತ್ತಾರೆ. ಹಾಗೆ ಕೇಳಬೇಡಿ. ಅಜ್ಜ, ದೊಡ್ಡಮ್ಮ, ಸೋದರಮಾವ ಎಂದು ಒಬ್ಬೊಬ್ಬರನ್ನೇ ಹಿಡಿದು, ಎಷ್ಟನೇ ವಯಸ್ಸಿಗೆ, ಏನಾಗಿ ಹೋದರು ಎಂದು ಕೇಳಿ ಬರೆದುಕೊಳ್ಳಿ. ಐವತ್ತರೊಳಗೆ ಕರುಳಿನ ಅಥವಾ ಗರ್ಭಕೋಶದ ತೊಂದರೆ ಆದವರಿದ್ದರೆ ಅಡಿಗೆರೆ ಎಳೆಯಿರಿ. ಮಕ್ಕಳೂ ಪಕ್ಕದಲ್ಲಿ ಕೂತು ಕೇಳಲಿ. ಸಂಬಂಧಗಳ ಹೆಸರು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನಾನಂತೂ ಕಂಡಿಲ್ಲ.

ನಿಮ್ಮಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬಂದಿರುವ ಸಾಧ್ಯತೆ ಶೇ. 50. ಹಾಗೆಂದು ಎಂಟು ವರ್ಷದ ಮಗುವನ್ನು ಪರೀಕ್ಷೆಗೆ ಎಳೆದೊಯ್ಯಬೇಕಿಲ್ಲ. ಸಾಮಾನ್ಯವಾಗಿ ಮಗು ಬೆಳೆದು ತಾನೇ ನಿರ್ಧರಿಸುವವರೆಗೆ ಕಾಯುತ್ತಾರೆ. ಎಂಎಸ್‌ಎಚ್2 ದೋಷ ಖಚಿತವಾದವರಿಗೆ 20–25ರ ವಯಸ್ಸಿನಿಂದ, ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡುತ್ತಾರೆ.

ಒಂದು ಅಪವಾದವಿದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಜೆನೆಟಿಕ್ ಕೌನ್ಸೆಲರ್‌ಗೆ ಮೊದಲೇ ಹೇಳಿ. ತಂದೆ ತಾಯಿ ಇಬ್ಬರಿಂದಲೂ ಒಂದೇ ಜೀನ್ ಕೆಟ್ಟು ಬಂದರೆ, ಮಗುವಿಗೆ ಎಳವೆಯಲ್ಲೇ ಕ್ಯಾನ್ಸರ್ ಬರಬಹುದು. ಅಲ್ಲಿ ಕಾಯುವಂತಿಲ್ಲ.

ಜೀನ್ ವರದಿಯಲ್ಲಿ ದೋಷ ಕಂಡರೆ ಒಂದು ಪ್ರತಿಯನ್ನು ಊರಲ್ಲಿರುವ ಅಣ್ಣ, ತಂಗಿಗೂ ಕಳಿಸಿ. ಅವರಿಗೂ ಅದೇ ಶೇ. 50.