ಕಣದ ಲೆಕ್ಕವೂ ಕಚೇರಿಯ ಲೆಕ್ಕವೂ

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಹೋಬಳಿಯಲ್ಲಿ ಪ್ರತಿ ವರ್ಷವೂ ಕಾರ್ತಿಕ ಮಾರ್ಗಶಿರ ಮಾಸಗಳಲ್ಲಿ, ರಾಗಿಯ ಪೈರು ಬಲಿತು ಕುಡುಗೋಲಿಗೆ ಬರುವ ಸಮಯಕ್ಕೆ ಸರಿಯಾಗಿ, ಸರ್ಕಾರದ ನೌಕರನೊಬ್ಬನು ಹಗ್ಗ, ಗೂಟ, ಅಳತೆಯ ಪಟ್ಟಿ ಮತ್ತು ತಕ್ಕಡಿಗಳೊಡನೆ ಹೊಲಕ್ಕಿಳಿಯುತ್ತಾನೆ. ಯಾವ ಸರ್ವೆ ನಂಬರಿನ ಯಾವ ಹೊಲವೆಂಬುದನ್ನು ಅವನು ತನ್ನ ಇಷ್ಟದಂತೆ ಆರಿಸುವಂತಿಲ್ಲ. ಅದನ್ನು ಮೊದಲೇ ಯಾದೃಚ್ಛಿಕ ಸಂಖ್ಯೆಗಳ ಪಟ್ಟಿಯಿಂದ ಗೊತ್ತುಮಾಡಿರುತ್ತಾರೆ. ಹೊಲದ ನೈಋತ್ಯ ಮೂಲೆಯಿಂದ ಗೊತ್ತಾದಷ್ಟು ಹೆಜ್ಜೆ ಉದ್ದಕ್ಕೂ ಅಡ್ಡಕ್ಕೂ ನಡೆದು, 5 ಮೀಟರ್ ಉದ್ದ 5 ಮೀಟರ್ ಅಗಲದ ಒಂದು ಚೌಕವನ್ನು ಹಗ್ಗದಿಂದ ಬಿಗಿದು, ಅದರೊಳಗಿನ ತೆನೆಯನ್ನೆಲ್ಲ ಕೊಯ್ದು, ಬಡಿದು, ತೂರಿ, ತೂಗಬೇಕು. ಇದಕ್ಕೆ ಬೆಳೆ ಕಟಾವು ಪ್ರಯೋಗವೆಂದು ಹೆಸರು. ಪಟ್ಟಣದಲ್ಲಿ ವಾಸಿಸುವ ನಮ್ಮ ವಾಚಕರಲ್ಲಿ ಬಹುಮಂದಿ ಈ ಕ್ರಿಯೆಯನ್ನು ಕಣ್ಣಾರೆ ಕಂಡಿರಲಾರರು. ಆದರೆ ನಾಡಿನ ಬೆಳೆ ಇಷ್ಟು, ಕೊರತೆ ಇಷ್ಟು ಎಂದು ವಿಧಾನಸಭೆಯಲ್ಲಿಯೂ ಪತ್ರಿಕೆಗಳಲ್ಲಿಯೂ ಗಂಭೀರವಾಗಿ ಉಚ್ಚರಿಸಲ್ಪಡುವ ಅಂಕಿಗಳೆಲ್ಲ ಕಟ್ಟಕಡೆಗೆ ನಿಂತಿರುವುದು ಇಂತಹ ಚೌಕಗಳ ಮೇಲೆಯೇ.

ಈ ಚೌಕದ ಬೆಲೆಯೇನೆಂಬುದನ್ನು ಸ್ವಲ್ಪ ಗಣಿತದಿಂದ ತಿಳಿಯಬಹುದು. 25 ಚದರ ಮೀಟರ್ ಎಂದರೆ ಒಂದು ಹೆಕ್ಟೇರಿನ 400ರಲ್ಲಿ ಒಂದು ಪಾಲು. ಚೌಕದಲ್ಲಿ ಒಂದು ಕಿಲೋಗ್ರಾಂ ರಾಗಿ ದೊರೆತರೆ ಹೆಕ್ಟೇರಿಗೆ 400 ಕಿಲೋಗ್ರಾಂ, ಅಂದರೆ 4 ಕ್ವಿಂಟಾಲ್ ಎಂದಾಯಿತು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲು ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಒಂದು ಪಂಚಾಯಿತಿಗೆ ಕೆಲವೇ ಚೌಕಗಳನ್ನು ಕೊಯ್ದು ಅವುಗಳ ಸರಾಸರಿಯನ್ನು ಇಡೀ ಪಂಚಾಯಿತಿಯ ಇಳುವರಿಯೆಂದು ಸ್ವೀಕರಿಸುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯಿಂದ ಒಂದು ಮಿತಿ ಇಳುವರಿಯನ್ನು ಗೊತ್ತುಮಾಡಿ, ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಕಡಮೆಯೋ ಆ ಪ್ರಮಾಣದಲ್ಲಿ ಪರಿಹಾರ ಕೊಡತಕ್ಕದ್ದು. ಒಂದು ಪಂಚಾಯಿತಿಯ ಮಿತಿ ಹೆಕ್ಟೇರಿಗೆ 16 ಕ್ವಿಂಟಾಲ್ ಎಂದು ದೃಷ್ಟಾಂತಕ್ಕಾಗಿ ಭಾವಿಸೋಣ. ಚೌಕಗಳ ಸರಾಸರಿ 4 ಕಿಲೋಗ್ರಾಂ ಬಂದರೆ ಇಳುವರಿ 16 ಕ್ವಿಂಟಾಲ್. ಯಾರಿಗೂ ಒಂದು ಕಾಸಿಲ್ಲ. ಸರಾಸರಿ ಮೂರೂವರೆ ಕಿಲೋಗ್ರಾಂ ಬಂದರೆ ಇಳುವರಿ 14 ಕ್ವಿಂಟಾಲ್. ವಿಮೆ ಮಾಡಿಸಿದ ಪ್ರತಿಯೊಬ್ಬ ರೈತನಿಗೂ ವಿಮಾ ಮೊತ್ತದಲ್ಲಿ ಎಂಟನೆಯ ಒಂದು ಪಾಲು ಸಲ್ಲಬೇಕು. ಅರ್ಧ ಕಿಲೋಗ್ರಾಂ ರಾಗಿ, ಅಂದರೆ ಒಂದು ಮೊರದ ಮೂಲೆಯಲ್ಲಿ ಅಡಗುವಷ್ಟು ಕಾಳು, ಒಂದು ಪಂಚಾಯಿತಿಯ ಸಮಸ್ತ ಒಕ್ಕಲುಗಳ ಹಣೆಬರಹವನ್ನು ತೀರ್ಮಾನಿಸುತ್ತದೆಯೆಂದ ಮೇಲೆ, ಆ ಕಾಳನ್ನು ತೂಗುವ ಕೈ ಎಷ್ಟು ಸ್ಥಿರವಾಗಿರಬೇಕೆಂಬುದನ್ನು ನಾವು ವಿಸ್ತರಿಸಿ ಹೇಳಬೇಕಾಗಿಲ್ಲ.

ಹಿಂದಿನ ಕಾಲದಲ್ಲಿ ಇಷ್ಟು ಸೂಕ್ಷ್ಮವೂ ಇರಲಿಲ್ಲ. ಪೈರಿನ ಸ್ಥಿತಿಯನ್ನು ಆಣೆಗಳಲ್ಲಿ ಹೇಳುವ ಆಣೆವಾರಿ ಪದ್ಧತಿ ರೂಢಿಯಲ್ಲಿತ್ತು. ಪೂರ್ಣ ಫಸಲಿಗೆ ಹದಿನಾರಾಣೆ. ಅರ್ಧ ಬೆಳೆಗೆ ಎಂಟಾಣೆ. ಆದರೆ ಹದಿನಾರಾಣೆಯ ಬೆಳೆಯೆಂದರೆ ಯಾವುದು ಎಂದು ಕೇಳಿದರೆ ರೈತನ ಉತ್ತರವೊಂದು, ಕಂದಾಯದ ಅಧಿಕಾರಿಯ ಉತ್ತರವೊಂದು. ಕಂದಾಯದ ರಿಯಾಯಿತಿ ಈ ಆಣೆಗಳನ್ನು ಅವಲಂಬಿಸಿದ್ದುದರಿಂದ ಎರಡು ಕಡೆಯವರಿಗೂ ನಿಜವನ್ನು ಒಂದಿಷ್ಟು ಎಳೆಯಲು ಕಾರಣವಿತ್ತು. ಸರಿಯಾದ ಅಂಕಿಗಳ ಅವಶ್ಯಕತೆಯನ್ನು ಈ ನಾಡು ಕಲಿತದ್ದು ಬಹು ದೊಡ್ಡ ಬೆಲೆ ತೆತ್ತು. 1876-78ರ ಮಹಾಕ್ಷಾಮಕ್ಕೆ ಮುಂಚೆ, 1871ರಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಕ್ಷಾಮದ ತರುವಾಯ ನೇಮಕವಾದ ಆಯೋಗವು 1880ರಲ್ಲಿ, ಪ್ರತಿ ಪ್ರಾಂತಕ್ಕೂ ಕೃಷಿ ಇಲಾಖೆಯಿದ್ದು ಅದು ಬೆಳೆಯ ಅಂಕಿ ಅಂಶಗಳನ್ನು ಕ್ರಮವಾಗಿ ಸಂಗ್ರಹಿಸಬೇಕೆಂದು ಶಿಫಾರಸು ಮಾಡಿತು. ಆದರೂ 1884ರಲ್ಲಿ ಮೊಟ್ಟಮೊದಲು ಬೆಳೆಯ ಮುನ್ನಂದಾಜು ಹೊರಬಿದ್ದುದು ಯಾವ ಧಾನ್ಯಕ್ಕೆ? ಸಮುದ್ರ ದಾಟಿ ಹೋಗುತ್ತಿದ್ದ ಗೋಧಿಗೆ. ಬಡವನ ಮುದ್ದೆಯ ರಾಗಿಯ ಗೊಡವೆ ಆಗಿನ ದೊರೆತನಕ್ಕೆ ಬೇಕಾಗಿರಲಿಲ್ಲ.

ಊಹೆಯನ್ನು ಬಿಟ್ಟು ತೂಕಕ್ಕೆ ಬಂದ ಕಥೆಯೂ ನಮ್ಮ ದೇಶದ್ದೇ. 1923ರಿಂದ 25ರವರೆಗೆ ಬಿಹಾರ ಒರಿಸ್ಸಾ ಪ್ರಾಂತದಲ್ಲಿ ಹಬ್ಬಕ್ ಎಂಬ ಅಧಿಕಾರಿಯು ಯಾದೃಚ್ಛಿಕವಾಗಿ ಆರಿಸಿದ ಚಿಕ್ಕ ತಾಕುಗಳಲ್ಲಿ ಭತ್ತವನ್ನು ಕೊಯ್ದು ತೂಗಿ ತೋರಿಸಿದನು. ಪ್ರೊಫೆಸರ್ ಮಹಲನೋಬಿಸ್ ಅವರು ಬಂಗಾಳದಲ್ಲಿ ಸೆಣಬಿಗೂ ಭತ್ತಕ್ಕೂ ಈ ಮಾರ್ಗವನ್ನು ವಿಸ್ತರಿಸಿದರು. 1940ರ ದಶಕದಲ್ಲಿ ಡಾಕ್ಟರ್ ಸುಖಾತ್ಮೆಯವರು ಒಂದು ಸ್ವಾರಸ್ಯವಾದ ದೋಷವನ್ನು ಎತ್ತಿ ತೋರಿಸಿದರು: ತಾಕು ತೀರ ಚಿಕ್ಕದಾದಷ್ಟೂ ಇಳುವರಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹಗ್ಗದ ಅಂಚಿನಲ್ಲಿ ನಿಂತ ಗಿಡ ಒಳಗೋ ಹೊರಗೋ ಎಂಬ ಸಂದೇಹ ಬಂದಾಗ ಕೊಯ್ಯುವವನು ಅದನ್ನು ಒಳಕ್ಕೆ ಸೇರಿಸಿಕೊಳ್ಳುವುದೇ ಅದಕ್ಕೆ ಕಾರಣ. ಇದರಲ್ಲಿ ಮೋಸವೇನೂ ಇಲ್ಲ, ಮನುಷ್ಯಸ್ವಭಾವ ಅಷ್ಟೆ. ಯಾರ ಆಸೆಯೂ ಇಲ್ಲದ ಕಡೆಯಲ್ಲಿಯೇ ಅಂಚಿನ ಗಿಡ ಒಳಗೆ ಬರುವುದಾದರೆ, ಆಸೆಯೂ ಭಯವೂ ಇರುವ ಕಡೆಯಲ್ಲಿ ಏನಾಗಬಹುದು?

ಆಸೆ ಭಯಗಳು ಈಗ ಹೊಲದ ಸುತ್ತಲೂ ನಿಂತಿವೆ. ಇಳುವರಿ ಕಡಮೆಯೆಂದು ಬರೆಯಲಿ ಎಂಬುದು ವಿಮೆ ಮಾಡಿಸಿದ ರೈತನ ಇಚ್ಛೆ. ಹೆಚ್ಚೆಂದು ಬರೆಯಲಿ ಎಂಬುದು ವಿಮಾ ಕಂಪೆನಿಯ ಲಾಭಕ್ಕೆ ಅನುಕೂಲ. ಬರಗಾಲದಲ್ಲಿ ನೆರವು ಕೇಳುವ ಸರ್ಕಾರಕ್ಕೆ ನಷ್ಟ ದೊಡ್ಡದಾಗಿ ಕಂಡರೆ ಒಳ್ಳೆಯದು. ಅದೇ ಸರ್ಕಾರ ತನ್ನ ಕೃಷಿ ಪ್ರಗತಿಯನ್ನು ಸಾರುವಾಗ ಬೆಳೆ ದೊಡ್ಡದಾಗಿ ಕಾಣಬೇಕು. ಹತ್ತು ಕೆಲಸಗಳ ನಡುವೆ ಈ ಕೆಲಸವನ್ನೂ ಹೊತ್ತ ಕೆಳಗಿನ ನೌಕರನಿಗೆ ತಕರಾರಿಲ್ಲದೆ ದಿನ ಮುಗಿದರೆ ಸಾಕು. ಗೊತ್ತಾದ ಸರ್ವೆ ನಂಬರಿನಲ್ಲಿ ಬೆಳೆಯಿಲ್ಲದಿದ್ದರೆ ಬದಲಿ ಹೊಲವನ್ನು ನಿಯಮದಂತೆ ಆರಿಸಬೇಕು. ಆದರೆ ದಾರಿಯ ಪಕ್ಕದ ಹೊಲ ಕೈಬೀಸಿ ಕರೆಯುತ್ತಿರುವಾಗ ನಿಯಮವನ್ನು ನೆನೆಯುವುದಕ್ಕೆ ನಿಷ್ಠೆ ಬೇಕು. ಇವರಲ್ಲಿ ಯಾರನ್ನೂ ನಾವು ದೂಷಿಸಹೊರಟಿಲ್ಲ. ಇಷ್ಟು ಕೈಗಳು ಎಳೆಯುವ ಹಗ್ಗ ನೆಟ್ಟಗಿರಬೇಕಾದರೆ ಅದನ್ನು ನೋಡುವ ಕಣ್ಣುಗಳು ಬಹಳವಾಗಿರಬೇಕೆಂಬುದಷ್ಟೇ ನಮ್ಮ ವಾದ.

ಜಡಿಗೇನಹಳ್ಳಿಯಂತಹ ಹೋಬಳಿಯಲ್ಲಿ ಇನ್ನೊಂದು ತೊಡಕಿದೆ. ಒಟ್ಟು ಉತ್ಪನ್ನವೆಂದರೆ ಇಳುವರಿಯನ್ನು ವಿಸ್ತೀರ್ಣದಿಂದ ಗುಣಿಸಿ ಬಂದುದು. ಇಳುವರಿ ಸರಿಯಾಗಿದ್ದು ವಿಸ್ತೀರ್ಣ ತಪ್ಪಾದರೆ ಫಲವೂ ತಪ್ಪೇ. ಬೆಂಗಳೂರು ಪೂರ್ವದಿಕ್ಕಿಗೆ ಕಾಲು ಚಾಚುತ್ತಿದೆ. ಚೆನ್ನೈಗೆ ಹೋಗುವ ವೇಗಮಾರ್ಗ ಹೊಸಕೋಟೆಯ ಬಳಿಯಿಂದಲೇ ಹೊರಡುತ್ತದೆ. ರಾಗಿಯ ಹೊಲಗಳು ಕೆಲವು ನೀಲಗಿರಿಯ ತೋಪುಗಳಾದುವು. 2017ರಲ್ಲಿ ಸರ್ಕಾರ ನೀಲಗಿರಿಯ ಹೊಸ ನಾಟಿಯನ್ನು ನಿಷೇಧಿಸಿದರೂ ಹಿಂದೆ ಬೆಳೆದದ್ದು ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಕೆಲವು ಹೊಲಗಳು ತರಕಾರಿಗೂ ಹೂವಿಗೂ ತಿರುಗಿದುವು; ಕೆಲವು ನಿವೇಶನಗಳಾಗಿ ಕಲ್ಲು ನೆಡಿಸಿಕೊಂಡುವು. ಕಲ್ಲು ನೆಟ್ಟ ನೆಲ ಕಾಗದದಲ್ಲಿ ಇನ್ನೂ ರಾಗಿಯನ್ನೇ ಬೆಳೆಯುತ್ತಿದ್ದರೆ ಆ ರಾಗಿಯನ್ನು ಉಣ್ಣುವವರು ಯಾರು? ಬೆಳೆ ಸಮೀಕ್ಷೆಯನ್ನು ಮೊಬೈಲ್ ಮೂಲಕ ಹೊಲದ ಛಾಯಾಚಿತ್ರ ಸಹಿತ ನಡೆಸುವ ಏರ್ಪಾಟು ರಾಜ್ಯದಲ್ಲಿ ಬಂದಿರುವುದೂ, 2020ರಿಂದ ರೈತನೇ ತನ್ನ ಬೆಳೆಯನ್ನು ದಾಖಲಿಸಲು ಅವಕಾಶವಾಗಿರುವುದೂ ಶ್ಲಾಘನೀಯವೇ. ಆದರೆ ನಮ್ಮ ಸೀಮೆಯ ಹೊಲ ಒಂದೇ ಬೆಳೆಯದಲ್ಲ. ರಾಗಿಯ ನಡುವೆ ಅಕ್ಕಡಿಯ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳು ನಿಂತಿರುತ್ತವೆ. ಕಾಳಿನಷ್ಟೇ ಮುಖ್ಯವಾದ ರಾಗಿಯ ಹುಲ್ಲಿನಿಂದ ಮನೆಯ ಹಸುಗಳು ವರ್ಷವೆಲ್ಲ ಬದುಕುತ್ತವೆ. ಚೌಕದ ತಕ್ಕಡಿ ರಾಗಿಯ ಕಾಳನ್ನು ಮಾತ್ರ ತೂಗುತ್ತದೆ; ಒಕ್ಕಲಿನ ನಷ್ಟ ಅದಕ್ಕಿಂತ ಅಗಲವಾದುದು.

ಕಾಲದ ಪ್ರಶ್ನೆಯೂ ಅಲ್ಪವಲ್ಲ. ಹಸ್ತ ಚಿತ್ತೆಯ ಮಳೆಗಳು ಹದವಾಗಿ ಬಿದ್ದು ತೆನೆ ತುಂಬಿದರೆ ಆಶ್ವಯುಜದಲ್ಲಿ ಬರೆಯುವ ಮುನ್ನಂದಾಜು ಉಜ್ವಲವಾಗಿರುತ್ತದೆ. ಆದರೆ 2021ರ ನವೆಂಬರಿನಲ್ಲಿ ಏನಾಯಿತೆಂಬುದನ್ನು ಬೆಂಗಳೂರು ಗ್ರಾಮಾಂತರ, ಕೋಲಾರ ಜಿಲ್ಲೆಗಳ ರೈತರು ಮರೆತಿಲ್ಲ. ಕೊಯ್ಲಿಗೆ ಬಂದ ಪೈರು ಎಡೆಬಿಡದ ಮಳೆಗೆ ನೆಲಕ್ಕೊರಗಿ, ತೆನೆಯಲ್ಲೇ ಮೊಳಕೆಯೊಡೆಯಿತು. ಮಳೆಗೆ ಮುಂಚೆ ಕೊಯ್ದ ಚೌಕದ ಕಥೆ ಒಂದು, ಆಮೇಲೆ ಕೊಯ್ದ ಹೊಲದ ಕಥೆ ಇನ್ನೊಂದು. ಕೊಯ್ದು ಹರಡಿದ ಪೈರು ಹದಿನಾಲ್ಕು ದಿನಗಳೊಳಗೆ ಅಕಾಲವೃಷ್ಟಿಗೆ ಸಿಕ್ಕರೆ ವಿಮೆಯ ನಿಯಮದಲ್ಲಿ ಆಸರೆಯುಂಟು. ಆದರೆ 72 ಗಂಟೆಗಳೊಳಗೆ ತಿಳುವಳಿಕೆ ಕೊಡಬೇಕು. ಮೂರು ದಿನ ಮಳೆ ನಿಲ್ಲದೆ, ಬಣವೆ ಉಳಿಸಿಕೊಳ್ಳಲು ಹೆಣಗುತ್ತಿರುವವನಿಗೆ ಈ ಗಡುವನ್ನು ಮುಂಚೆಯೇ ಮನಮುಟ್ಟುವಂತೆ ಹೇಳಿದವರೆಷ್ಟು ಮಂದಿ?

ಚಿಕ್ಕ ಚೌಕದ ಲೆಕ್ಕ ದೊಡ್ಡ ರಾಜ್ಯಕಾರಣದವರೆಗೂ ಹೇಗೆ ಏರುತ್ತದೆಂಬುದಕ್ಕೆ ಈಚಿನ ವರ್ಷಗಳೇ ಸಾಕ್ಷಿ. 2021-22ರ ಹಂಗಾಮಿನಲ್ಲಿ ಬೆಂಬಲ ಬೆಲೆಗೆ ಕೊಳ್ಳತಕ್ಕ ರಾಗಿಗೆ ಮೊದಲು 2.1 ಲಕ್ಷ ಟನ್ನಿನ ಮಿತಿ ಬಿದ್ದು, ಮಾರಲು ಬಂದ ರೈತರು ನಿರಾಶರಾದರು. ಕೂಗೆದ್ದ ಮೇಲೆ ಮಿತಿಯನ್ನು ಹೆಚ್ಚಿಸಬೇಕಾಯಿತು. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯ ಸರ್ಕಾರವು ಮೊದಲು 195, ಕ್ರಮೇಣ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿ, 48 ಲಕ್ಷ ಹೆಕ್ಟೇರಿನ ಬೆಳೆ ಹಾನಿಯಾಯಿತೆಂದು ಲೆಕ್ಕ ಕೊಟ್ಟು, 18,171 ಕೋಟಿ ರೂಪಾಯಿ ಕೇಳಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಲು ಹತ್ತಿದ ಮೇಲೆ 2024ರ ಏಪ್ರಿಲಿನಲ್ಲಿ ಬಂದದ್ದು 3,454 ಕೋಟಿ. ಈ ಅಂತರಕ್ಕೆ ನಿಯಮಗಳ ವ್ಯಾಖ್ಯಾನವೂ ಕಾರಣವೆಂಬುದು ನಿಜ. ಆದರೆ ಹೋಬಳಿ ಹೋಬಳಿಯ ತೂಕದ ಲೆಕ್ಕ ಎಲ್ಲರ ಮುಂದೆ ಬಯಲಾಗಿದ್ದರೆ ವಾದದ ಅರ್ಧಭಾಗ ಹುಟ್ಟುತ್ತಲೇ ಇರಲಿಲ್ಲ. ಮುಸುಕಿನ ಜೋಳದ ವಿಷಯದಲ್ಲಿ ಕಷ್ಟ ಬೆಳೆ ಹೆಚ್ಚಿದ್ದರಿಂದಲೇ ಬಂತು. 2025ರ ನವೆಂಬರಿನಲ್ಲಿ ಫಸಲು ಒಮ್ಮೆಲೇ ಪೇಟೆಗಿಳಿದಾಗ, ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿತವಾಗಿದ್ದರೂ, ಪೇಟೆಯ ಬೆಲೆ ಅದಕ್ಕಿಂತ ಬಹು ಕೆಳಕ್ಕೆ ಕುಸಿದು, ರೈತರು ಬೀದಿಗಿಳಿಯಬೇಕಾಯಿತು. ಬಿತ್ತನೆಯ ವಿಸ್ತೀರ್ಣ ಆಷಾಢದಲ್ಲಿಯೇ ಕಚೇರಿಗೆ ತಿಳಿದಿರುತ್ತದೆ. ಕೊಳ್ಳುವ ಏರ್ಪಾಟು ಮಾತ್ರ ಕಾರ್ತಿಕದಲ್ಲಿ ನೆನಪಾಗುತ್ತದೆ. ಮುನ್ನಂದಾಜು ಎಂಬ ಮಾತಿನಲ್ಲಿ 'ಮುನ್ನ' ಎಂಬುದಕ್ಕೆ ಅರ್ಥವಿರಬೇಡವೆ?

ಮುನ್ನಂದಾಜಿಗೆ ಹಣದ ಬೆಲೆಯಿದೆಯೆಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದವರು ಬಹು ಹಿಂದೆಯೇ ಅರಿತರು. ಅಲ್ಲಿನ ಕೃಷಿ ಇಲಾಖೆಯ ಅಂಕಿ ಅಂಶಗಳ ಶಾಖೆಯವನೊಬ್ಬನು 1905ರಲ್ಲಿ ಹತ್ತಿಯ ಅಂದಾಜನ್ನು ವ್ಯಾಪಾರಿಗಳಿಗೆ ಗುಟ್ಟಾಗಿ ಮುಟ್ಟಿಸಿದುದು ಬಯಲಾಗಿ ದೊಡ್ಡ ಹಗರಣವಾಯಿತು. ಅಲ್ಲಿಂದೀಚೆಗೆ ಮುಸುಕಿನ ಜೋಳ, ಸೋಯಾ ಅವರೆ ಮುಂತಾದುವುಗಳ ಮಾಸಿಕ ಅಂದಾಜನ್ನು ಬೀಗ ಹಾಕಿದ ಕೊಠಡಿಯಲ್ಲಿ ಸಿದ್ಧಪಡಿಸಿ, ಗೊತ್ತಾದ ದಿನ, ಗೊತ್ತಾದ ಗಳಿಗೆಯಲ್ಲಿ ರೈತನಿಗೂ ವರ್ತಕನಿಗೂ ಏಕಕಾಲದಲ್ಲಿ ಪ್ರಕಟಿಸುತ್ತಾರೆ. ನಮ್ಮಲ್ಲಿಯೂ ಕೇಂದ್ರ ಕೃಷಿ ಮಂತ್ರಾಲಯದವರು ಒಂದಾದ ಮೇಲೊಂದು ಮುಂಗಡ ಅಂದಾಜುಗಳನ್ನು ಹೊರಡಿಸುತ್ತಾರೆ. ಆದರೆ ದೇಶದ ಒಟ್ಟು ಮೊತ್ತದಿಂದ ಜಡಿಗೇನಹಳ್ಳಿಯ ರೈತನಿಗೆ ತಿಳಿಯುವುದೇನು? ತನ್ನ ಪಂಚಾಯಿತಿಯ ಅಂಕಿ ಅವನಿಗೆ ಬೇಕು. ಮಂಡಿಯ ದಲ್ಲಾಳಿ ತನ್ನ ಆಳುಗಳಿಂದ ಊರೂರಿನ ಬೆಳೆಯನ್ನು ಅರಿತಿರುತ್ತಾನೆ. ಬೆಳೆದವನೇ ಅರಿಯದವನಾಗಿ ಉಳಿಯುವುದು ಸರ್ವಥಾ ಸಲ್ಲದು.

ಆದಕಾರಣ ಅಧಿಕಾರಿವರ್ಗದವರ ಮುಂದೆ ನಾವು ನಾಲ್ಕು ಮಾತುಗಳನ್ನು ಇಡುತ್ತೇವೆ. ಮೊದಲನೆಯದು, ಚೌಕ ಕೊಯ್ಯುವ ಸರ್ವೆ ನಂಬರು ಮತ್ತು ದಿನಗಳನ್ನು ಮೂರು ದಿನ ಮುಂಚೆ ಪಂಚಾಯಿತಿಯ ಹಲಗೆಯ ಮೇಲೆ ಬರೆದು, ಊರವರ ಸಮಕ್ಷಮದಲ್ಲಿಯೇ ಕೊಯ್ದು ತೂಗಬೇಕು. ಬದಲಿ ಹೊಲ ಹಿಡಿದರೆ ಕಾರಣವನ್ನೂ ಬರೆಯಬೇಕು. ಎರಡನೆಯದು, ಹಸಿ ತೂಕ, ಒಣಗಿದ ತೂಕ, ಹೆಕ್ಟೇರಿನ ಲೆಕ್ಕ, ಪಂಚಾಯಿತಿಯ ಮಿತಿ ಇಳುವರಿ ಇವು ನಾಲ್ಕನ್ನೂ ಕನ್ನಡದಲ್ಲಿ, ಎಲ್ಲರೂ ಓದುವಂತೆ, ಅದೇ ಹಲಗೆಯ ಮೇಲೆ ಪ್ರಕಟಿಸಬೇಕು. ಮೂರನೆಯದು, ನಿವೇಶನವಾದ ನೆಲವನ್ನೂ ತೋಪಾದ ನೆಲವನ್ನೂ ಬೆಳೆಯ ವಿಸ್ತೀರ್ಣದಿಂದ ವರ್ಷ ವರ್ಷವೂ ಕಳೆಯಬೇಕು. ಅಕ್ಕಡಿಯ ಬೆಳೆಗಳಿಗೆ ಪ್ರತ್ಯೇಕ ಅಂಕಣವಿರಬೇಕು. ನಾಲ್ಕನೆಯದು, ಬಿತ್ತನೆಯ ಲೆಕ್ಕ ಮುಗಿದೊಡನೆಯೇ ಕೊಳ್ಳತಕ್ಕ ಪ್ರಮಾಣವನ್ನೂ ಕೇಂದ್ರಗಳನ್ನೂ ಸಾರಬೇಕು. 2025-26ರ ಹಂಗಾಮಿಗೆ ರಾಗಿಗೆ ಗೊತ್ತಾದ ಕ್ವಿಂಟಾಲಿಗೆ 4,886 ರೂಪಾಯಿ ಬೆಲೆ ಒಳ್ಳೆಯದೇ. ಆದರೆ ತಕ್ಕಡಿ ತಡವಾಗಿ ತೆರೆದರೆ ಸಾಲಗಾರನಾದ ರೈತ ಅಷ್ಟರಲ್ಲಿ ದಲ್ಲಾಳಿಗೆ ಮಾರಿ ಮುಗಿಸಿರುತ್ತಾನೆ. ಇವುಗಳಲ್ಲಿ ಯಾವುದಕ್ಕೂ ಹೊಸ ಇಲಾಖೆ ಬೇಕಾಗಿಲ್ಲ. ಒಂದು ಹಲಗೆ, ಒಂದು ಸೀಮೆಸುಣ್ಣ, ಮತ್ತು ಮುಚ್ಚಿಡಬಾರದೆಂಬ ಮನಸ್ಸು ಸಾಕು.

ರೈತಬಾಂಧವರಿಗೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಪರಿಹಾರದ ಆಸೆಯಿಂದ ಚೌಕದ ತೂಕವನ್ನು ಇಳಿಸಬೇಕೆಂದು ನೌಕರನನ್ನು ಬಲವಂತಪಡಿಸುವುದು ತನ್ನ ಬೇರನ್ನು ತಾನೇ ಕಡಿದುಕೊಂಡಂತೆ. ಇಂದು ಇಳಿಸಿ ಬರೆಸಿದ ಅಂಕಿಯೇ ಏಳು ವರ್ಷಗಳ ಲೆಕ್ಕದಲ್ಲಿ ಸೇರಿ ಮುಂದಿನ ಮಿತಿಯನ್ನು ತಗ್ಗಿಸಬಹುದು. ನಿಜವಾದ ಬರ ಬಂದ ವರ್ಷದಲ್ಲಿ ಆ ತಗ್ಗಿದ ಮಿತಿಯೇ ಪರಿಹಾರವನ್ನು ನುಂಗುತ್ತದೆ. ಪಟ್ಟಣದ ನಮ್ಮ ವಾಚಕರೂ ಇದು ಹಳ್ಳಿಯ ಗೊಡವೆಯೆಂದು ಪುಟ ಮಗುಚಬಾರದು. ಬೆಳೆಯ ಅಂದಾಜು ತಪ್ಪಿದ ವರ್ಷ ಬೆಂಗಳೂರಿನ ಅಂಗಡಿಯ ಬೆಲೆಯೂ ತಪ್ಪುತ್ತದೆ.

ಹದಿನಾರಾಣೆಯ ನಾಣ್ಯ ಚಲಾವಣೆ ತಪ್ಪಿ ಬಹುಕಾಲವಾಯಿತು. ಹದಿನಾರಾಣೆ ಸತ್ಯವೆಂಬ ಮಾತು ಮಾತ್ರ ಕನ್ನಡಿಗರ ನಾಲಗೆಯಲ್ಲಿ ಇನ್ನೂ ಸವೆದಿಲ್ಲ. ಪ್ರತಿ ವರ್ಷವೂ ಫಸಲು ಹದಿನಾರಾಣೆಯಾಗುವಂತೆ ಮಾಡುವುದು ಯಾವ ಸರ್ಕಾರದ ಕೈಯಲ್ಲಿಯೂ ಇಲ್ಲ. ಅದು ಮಳೆಯ ಕೈಯಲ್ಲಿದೆ. ಫಸಲಿನ ಲೆಕ್ಕ ಹದಿನಾರಾಣೆಯಾಗುವಂತೆ ಮಾಡುವುದು ಪೂರ್ಣವಾಗಿ ನಮ್ಮ ಕೈಯಲ್ಲಿದೆ. ಅಷ್ಟನ್ನಾದರೂ ಮಾಡಲು ಜಿಲ್ಲೆಯ ಅಧಿಕಾರಿಗಳು ಮುಂದಿನ ಕೊಯ್ಲಿನ ವೇಳೆಗೆ ಮನಸ್ಸು ಮಾಡುವರೆಂದು ಆಶಿಸುತ್ತೇವೆ.