ಕೋವಿ ಯಾರದು, ಹೆಸರು ಯಾರದು? (ಭಾಗ 3)

ಫ್ರೆಂಡ್ಸ್, ಫೋಟೋದಲ್ಲಿರೋ ಉದ್ದನೆ ಕೋವಿಗೆ ‘ಕೆಂಟಕಿ ರೈಫಲ್’ ಅಂತಾರೆ. ಆದ್ರೆ ಇದು ಹುಟ್ಟಿದ್ದು 18ನೇ ಶತಮಾನದ ಪೆನ್ಸಿಲ್ವೇನಿಯಾದಲ್ಲಿ, ಜರ್ಮನ್ ಮಾತಾಡೋ ವಲಸಿಗ ಕುಶಲಕರ್ಮಿಗಳ ಕೈಯಲ್ಲಿ. ಹೆಸರು ಮಾತ್ರ ಅದನ್ನ ಹಿಡಿದು ಕೆಂಟಕಿ ಕಡೆ ಬೇಟೆಗೆ ಹೋದವರ ಪಾಲಾಯ್ತು!

ಅದಕ್ಕೇ ನಮ್ಮ ಗ್ಯಾಂಗ್‌ಗೆ ಪೆನ್ಸಿಲ್ವೇನಿಯಾದ ಕೆಂಪ್ಟನ್‌ನಲ್ಲಿ ನಡೆಯೋ ಕೋವಿ ತಯಾರಕರ ಮೇಳ ಇಷ್ಟವಾಗಿದ್ದು. ಅಲ್ಲಿ ಹೀರೋ ಗುಂಡು ಹೊಡೆಯೋನಲ್ಲ, ಮಾಡೋನು. ಮೇಪಲ್ ಮರ ಕೆತ್ತಬೇಕು, ಚಕಮಕಿ ಕಲ್ಲಿನ ಕಿಡಿ ಸರಿಯಾಗಿ ಮದ್ದಿಗೆ ಬೀಳಬೇಕು, ನಳಿಗೆಯೊಳಗೆ ಸುರುಳಿ ಗೀರು ಕೊರೆಯಬೇಕು. ಆ ಗೀರಿದ್ರೇನೇ ಗುಂಡು ತಿರುಗುತ್ತಾ ನೇರ ಹೋಗೋದು.

ನನ್ನ ಮಾತಿಷ್ಟೇ: ಇಂಥ ಮೇಳಕ್ಕೆ ಹೋದ್ರೆ ಬರೀ ಪೋಸ್ ಕೊಟ್ಟು ಬರ್ಬೇಡಿ. ಮಾಡಿದವರನ್ನ ಮಾತಾಡಿಸಿ, ಕೆಲಸ ಕೇಳಿ ತಿಳ್ಕೊಳ್ಳಿ. ಅವರನ್ನ ಮರೆತ್ರೆ ಕೋವಿ ಮ್ಯೂಸಿಯಂನಲ್ಲಿ ಉಳಿಯುತ್ತೆ, ಮಾಡೋ ವಿದ್ಯೆ ಉಳಿಯಲ್ಲ. ನೀವೇನಂತೀರಿ?