ಊಹೆಯೂ ಸಿದ್ಧಾಂತವೂ

ಕಳೆದ ವಾರ ನಮ್ಮ ಮನೆಯಲ್ಲೊಂದು ವಿವಾದವುಂಟಾಯಿತು. ತೊಟ್ಟಿಲಲ್ಲಿ ಅಳುತ್ತಿದ್ದ ಮೊಮ್ಮಗನನ್ನು ನಮ್ಮ ಮನೆಯಾಕೆ ಎತ್ತಿಕೊಳ್ಳಹೋದಳು. “ಬೇಡಮ್ಮ, ಹಾಲು ಕುಡಿದಾಗಿದೆ. ಇನ್ನು ಎತ್ತಿದರೆ ಅಭ್ಯಾಸ ಕೆಡುತ್ತದೆ. ಇದು ಮನಶ್ಶಾಸ್ತ್ರದ ಸಿದ್ಧಾಂತ” ಎಂದು ಮಗನು ತಡೆದನು. ತೀರ್ಪಿನ ಭಾರವು ನಮ್ಮ ಮೇಲೆ ಬಿದ್ದಿತು.

ಸಿದ್ಧಾಂತವೆಂಬುದು ಹಗುರವಾಗಿ ಆಡತಕ್ಕ ಮಾತಲ್ಲ. ನಮ್ಮ ತಾರ್ಕಿಕರು ಪ್ರತಿಜ್ಞೆಗೆ ಹೇತುವನ್ನು ಕೇಳಿದರು. ಪೂರ್ವಪಕ್ಷವನ್ನು ಪರಿಹರಿಸಿದ ಬಳಿಕವೇ ಸಿದ್ಧಾಂತವೆಂದರು. ಮನಶ್ಶಾಸ್ತ್ರದಲ್ಲಿಯೂ ಮೊದಲು ಊಹೆ, ಅನಂತರ ಪರೀಕ್ಷೆ. ಹಲವು ಪರೀಕ್ಷೆಗಳಲ್ಲಿ ನಿಂತ ಊಹೆಗಳನ್ನು ಒಂದುಗೂಡಿಸಿ ಕಾರಣವನ್ನು ವಿವರಿಸತಕ್ಕುದೇ ಸಿದ್ಧಾಂತ.

ಈ ಕ್ರಮವು ತಪ್ಪಿದುದಕ್ಕೆ ನಿದರ್ಶನವುಂಟು. ಅಮೆರಿಕದ ಜಾನ್ ವಾಟ್ಸನ್ನನು ೧೯೨೮ರಲ್ಲಿ ಶಿಶುಪಾಲನೆಯ ಗ್ರಂಥವೊಂದನ್ನು ಬರೆದು, ಮಕ್ಕಳನ್ನು ಅಪ್ಪಿ ಮುದ್ದಿಡಬಾರದೆಂದೂ ಬೆಳಗ್ಗೆ ಕೈಕುಲುಕಿದರೆ ಸಾಕೆಂದೂ ತಾಯಂದಿರಿಗೆ ಉಪದೇಶಿಸಿದನು. ಹಾಲುಣಿಸುವುದರಿಂದಲೇ ಶಿಶುವಿಗೆ ತಾಯಿಯಲ್ಲಿ ಪ್ರೀತಿ ಹುಟ್ಟುವುದೆಂಬುದು ಅನಂತರವೂ ಬಹುಕಾಲ ಅನೇಕ ಪಂಡಿತರ ಮತವಾಗಿತ್ತು.

ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಹಾರ್ಲೋ ಈ ಮತವನ್ನು ಪರೀಕ್ಷೆಗೊಡ್ಡಿ, ಫಲವನ್ನು ೧೯೫೮ರಲ್ಲಿ ಪ್ರಕಟಿಸಿದನು. ತಾಯಿಯಿಂದ ಅಗಲಿಸಿದ ಕೋತಿಮರಿಗಳಿಗೆ ಎರಡು ಬೊಂಬೆತಾಯಿಗಳನ್ನು ಕೊಟ್ಟನು: ಒಂದು ಬರಿಯ ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದುದು. ಕೆಲವು ಮರಿಗಳಿಗೆ ತಂತಿಯ ತಾಯಿಯಲ್ಲಿ ಮಾತ್ರ ಹಾಲು. ಹಾಲೇ ಪ್ರೀತಿಗೆ ಕಾರಣವಾಗಿದ್ದ ಪಕ್ಷದಲ್ಲಿ ಅವು ತಂತಿಯನ್ನೇ ಅಪ್ಪಬೇಕಾಗಿತ್ತಷ್ಟೆ? ಹಾಗಾಗಲಿಲ್ಲ. ಹಾಲು ಕುಡಿದು ಬಟ್ಟೆಯ ತಾಯಿಗೆ ಮರಳಿ, ದಿನದ ಬಹುಭಾಗವನ್ನು ಅಲ್ಲಿಯೇ ಕಳೆದುವು. ಹೆದರಿದಾಗಲೂ ಅಲ್ಲಿಗೇ ಓಡಿದುವು.

ಹಾಗಾದರೆ ಮೃದುಸ್ಪರ್ಶವೊಂದೇ ಸಾಕೆ? ಅದೂ ನಿಲ್ಲಲಿಲ್ಲ. ಬೊಂಬೆಯೊಡನೆ ಮಾತ್ರ ಬೆಳೆದ ಮರಿಗಳು ದೊಡ್ಡವಾದಮೇಲೆ ಸ್ವಜಾತಿಯೊಡನೆ ಹೊಂದಿ ಬಾಳಲಾರದೆ ಹೋದುವು. ಒಂದು ಊಹೆ ಬಿದ್ದುದರಿಂದಲೇ ಇನ್ನೊಂದು ಪೂರ್ಣಸತ್ಯವಾಗದು. ಆ ಮೂಕಪ್ರಾಣಿಗಳು ಪಟ್ಟ ದುಃಖವನ್ನು ನೆನೆದರೆ ನಮಗೆ ಸಂಕಟವೂ ಆಗುತ್ತದೆ.

“ಕೋತಿಗೆ ಹೇಳಿದುದು ಮನುಷ್ಯನಿಗೆ ಸಲ್ಲುವುದೆ?” ಎಂದು ಮಗನು ಕೇಳಿದನು. ಯುಕ್ತವಾದ ಆಕ್ಷೇಪವೇ. ಅಜ್ಜಿಯ ಮಾತಾದರೂ ಹಳೆಯದೆಂಬ ಮಾತ್ರಕ್ಕೆ ಸಿದ್ಧಾಂತವಾಗದು. ಆದರೆ ಹಾಲೊಂದೇ ಶಿಶುವಿಗೆ ಸಾಕೆಂಬುದನ್ನು ಮಾತ್ರ ಇನ್ನು ಒಪ್ಪುವಂತಿಲ್ಲವೆಂದು ಹೇಳಿ, ಮಗುವನ್ನೆತ್ತಿಕೊಳ್ಳಲು ಅಪ್ಪಣೆಯಿತ್ತೆವು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಯಾರಾದರೂ ಸಿದ್ಧಾಂತವೆಂದು ಏನನ್ನಾದರೂ ಮನೆಗೆ ತಂದರೆ, ‘ಇದು ಸುಳ್ಳಾಗಿದ್ದರೆ ಯಾವುದರಿಂದ ತಿಳಿಯಬಹುದು? ಹಾಗೆ ಪರೀಕ್ಷಿಸಿ ನೋಡಿದವರುಂಟೆ?’ ಎಂದು ಕೇಳತಕ್ಕುದು. ಪಾಠ ಹೇಳುತ್ತಿದ್ದ ಕಾಲದಲ್ಲಿ ನಾವೇ ಹೀಗೆ ಕೇಳಿಕೊಂಡಿದ್ದರೆ, ಎಷ್ಟೋ ಹುಡುಗರನ್ನು ಮೊದಲ ವಾರದಲ್ಲಿಯೇ ದಡ್ಡರೆಂದು ನಿಶ್ಚಯಿಸಿಬಿಡುತ್ತಿರಲಿಲ್ಲ.